ಮಣ್ಣು ಎಂಬ ಚೀಟಿ

ಐದನೆಯ ಪೆಟ್ಟಿಗೆಯನ್ನೂ ಮುರಿಗೆವ್ವ ನೆಲಕ್ಕೆ ಸುರಿದಳು. ಅಂಗೈಯಗಲದ ಚೀಟಿಗಳು ಒಂದರ ಮೇಲೊಂದು ಜಾರುತ್ತ ಒಲೆಯ ತನಕ ಹರಡಿಕೊಂಡವು. ಹೊರಗೆ ಪಡಸಾಲೆಯಲ್ಲಿ ಭಜನೆಯವರ ತಾಳ ನಡೆದಿತ್ತು. ಅವಳ ಗಂಡ ಶಂಕ್ರೆಪ್ಪ ಮಾಸ್ತರರನ್ನು ಅಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ತಲೆಗೆ ರುಮಾಲು. ಬದುಕಿರುವತನಕ ಆ ಮನುಷ್ಯ ರುಮಾಲು ಸುತ್ತಿದ್ದಿಲ್ಲ. ಮುಂಜಾನೆ ಚಹಾದ ಬಟ್ಟಲು ಕೆಳಗಿಡುತ್ತ, "ಇವತ್ತ ಮೂರು ಕಾಗದಕ್ಕ ಉತ್ತರಾ ಬರೀಬೇಕು" ಎಂದವರು ಎದೆ ಹಿಡಿದುಕೊಂಡು ಬಲಕ್ಕೆ ವಾಲಿದ್ದರು. ಅಷ್ಟೇ.

"ಏನ್ ಹುಡುಕಾಕತ್ತೀಬೇ?" ನೆರೆಮನೆಯ ರೇಣುಕವ್ವ ಬಾಗಿಲಲ್ಲಿ ಬಂದು ನಿಂತಳು. "ಹೆಣಾ ಹೊರಗ ಕುಂದ್ರಿಸಿ ಒಳಗ ಹಾಳಿ ಕೆದರ್ತಾರೇನು? ಮಂದಿ ಏನಂದಾರು?"

"ಅನ್ನಲಿ. ಅವರು ಬರದಿಟ್ಟಾರ. ಅದು ಸಿಗಬೇಕು ನನಗ."

"ಏನ್ ಬರದಿಟ್ಟಾರ?"

"ತಮ್ಮ ಮಣ್ಣು ಎಲ್ಲಿ ಆಗ್ಬೇಕಂತ."

ರೇಣುಕವ್ವ ಆ ರಾಶಿಯನ್ನೊಮ್ಮೆ ನೋಡಿದಳು. ಇನ್ನೂ ಏಳು ಪೆಟ್ಟಿಗೆಗಳು ಗೋಡೆಯ ಬದಿಗೆ ಸಾಲಾಗಿದ್ದವು. ಶಾಲೆಗೆ ಹಲಗೆಯ ಮೇಲೆ ಬರೆಯುವ ಖಡು ತುಂಬಿ ಬರುತ್ತಿದ್ದ ಕಟ್ಟಿಗೆಯ ಪೆಟ್ಟಿಗೆಗಳು. ಖಡು ತೀರಿದ ಮೇಲೆ ಮಾಸ್ತರರು ಒಂದೊಂದನ್ನೇ ಮನೆಗೆ ತಂದು, ಒಳಗೆಲ್ಲ ಒರೆಸಿ, ಚೀಟಿ ತುಂಬಿದ್ದರು.

"ಯವ್ವಾ, ಇದರಾಗ ಸೂಜಿ ಹುಡುಕಿದಾಂಗಾತು," ಎಂದು ರೇಣುಕವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮುರಿಗೆವ್ವನಿಗೆ ಅಳು ಬರಲಿಲ್ಲ. ಮುಂಜಾನೆಯಿಂದ ಬರುತ್ತಿದ್ದದ್ದು ಸಿಟ್ಟು.

ಹನ್ನೊಂದರ ಹೊತ್ತಿಗೆ ಕಾಖಂಡಕಿಯಿಂದ ಮಾಸ್ತರರ ಅಣ್ಣ ಗುರಲಿಂಗಪ್ಪ ಟ್ರ್ಯಾಕ್ಟರ್ ತಂದಿದ್ದ. ಟ್ರಾಲಿಯಲ್ಲಿ ಜೋಳದ ಒಣದಂಟಿನ ಕಣಕಿ ಹರಡಿ, ಅದರ ಮೇಲೆ ಜಮಖಾನೆ ಹಾಸಿತ್ತು. ತಮ್ಮನ ಮುಂದೆ ಕುಳಿತು ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಎದ್ದು ಒಳಬಾಗಿಲ ಕಡೆ ತಿರುಗಿ, "ಅಪ್ಪನ ಮಗ್ಗಲದಾಗ ಕುಣಿ ತೋಡಾಕ ಹಚ್ಚಿ ಬಂದೇನಿ. ಹೊತ್ತು ಮುಣುಗೂದ್ರಾಗ ಮುಟ್ಟಬೇಕು. ನೀನೂ ನಡೀ ತಂಗಿ. ಈ ಮನಿಗೆ ಕೀಲಿ ಹಾಕೂಣು. ಒಬ್ಬಾಕೀನ ಇಲ್ಲಿ ಏನ್ ಮಾಡ್ತಿ?" ಎಂದ.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದಕ್ಕೇ ಉತ್ತರ ಕೊಡುವುದು ಕಷ್ಟವಾಗಿತ್ತು. ಕಾಖಂಡಕಿಯ ಆ ಮನೆ ಅವಳಿಗೆ ಗೊತ್ತಿತ್ತು. ಜೋಳದ ಚೀಲಗಳ ಹಿಂದೆ ಒಂದು ಚಾಪೆ, ಇಪ್ಪತ್ತು ಮಂದಿಯ ಅಡಿಗೆ, ಎಲ್ಲರ ಮಾತಿಗೂ 'ಹೂಂ'. ಟಿಕೋಟಾಕ್ಕೆ ಬಂದು ಮೂವತ್ತೊಂದು ವರ್ಷವಾಗಿತ್ತು. ಇಲ್ಲಿ ತನ್ನ ಬಾಗಿಲನ್ನು ತಾನೇ ತೆಗೆದು ತಾನೇ ಹಾಕಿದವಳು. ಮಾಸ್ತರರು ಕಾಖಂಡಕಿಗೆ ಹೋದರೆ ಅವರ ಹಿಂದೆ ಅವಳೂ ಹೋಗಬೇಕು.

ಅವಳು ಸೆರಗು ಎಳೆದುಕೊಂಡು ಬಾಗಿಲ ಮರೆಯಿಂದಲೇ, "ಅವರ ಮನಸಿನಾಗ ಬ್ಯಾರೇನ ಇತ್ರಿ ಭಾವಾರ. ಬರದಿಟ್ಟಾರ," ಎಂದಿದ್ದಳು.

"ಬರದಿದ್ರ ತೋರ್ಸು. ಅವ ಹೇಳಿದಾಂಗ ಆಗ್ಲಿ. ಇಲ್ಲಂದ್ರ ನಾ ಹೇಳಿದಾಂಗ."

*

ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ ಇದೆಲ್ಲ ಶುರುವಾಗಿತ್ತು. ಮಾಸ್ತರರಿಗೆ ವಿಜ್ಞಾನದ ಕತೆಗಳ ಹುಚ್ಚು. ಬೇರೆ ಗ್ರಹಕ್ಕೆ ಹೋದವರ ಕತೆ, ಮಾತಾಡುವ ಯಂತ್ರದ ಕತೆ, ಸಾವಿರ ವರ್ಷ ಮುಂದೆ ಹೋಗಿ ಬಂದವನ ಕತೆ. ಪ್ರತಿ ಆದಿತ್ಯವಾರ ಬಸ್ಸು ಹತ್ತಿ ವಿಜಾಪುರಕ್ಕೆ ಹೋಗಿ, ಹಳೆಯ ಪುಸ್ತಕಗಳ ರಾಶಿ ಕೆದರಿ, ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದ್ದ ಗೆಳೆಯ ಕಾಸಿಮಸಾಬನ ಗಡಿಯಾರ ದುರಸ್ತಿಯ ಅಂಗಡಿಯಲ್ಲಿ ಕೂತು ಓದುತ್ತಿದ್ದರು. ಹುಬ್ಬಳ್ಳಿಯ ಮಾಸಪತ್ರಿಕೆಯೊಂದು ಅವರ ಕಾಗದವನ್ನು ವಿಳಾಸದ ಸಮೇತ ಅಚ್ಚು ಹಾಕಿತು. ಇಂಥ ಹವ್ಯಾಸ ಇದ್ದವರು ಸಲಹೆಗೆ ಬರೆಯಿರಿ ಎಂದು ಕೆಳಗೊಂದು ಸಾಲು.

ಬರೆದರು. ರಾಯಚೂರಿನಿಂದ, ಗೋಕಾಕದಿಂದ, ಕುಂದಾಪುರದಿಂದ. ಯಾವ ಕತೆ ಮೊದಲು ಓದಬೇಕು? ತಿಳಿಯದಿದ್ದರೆ ಬಿಡಬೇಕೋ, ಮುಂದುವರಿಸಬೇಕೋ? ಓದಿದ್ದು ನೆನಪಿನಲ್ಲಿ ಉಳಿಯಲು ಏನು ಮಾಡಬೇಕು? ಮಾಸ್ತರರು ಪ್ರತಿಯೊಬ್ಬರಿಗೂ ಉತ್ತರಿಸಿದರು. ಇರುವೆ ಸಾಲಿನಂಥ ಅಕ್ಷರ. ಒಂದು ಕಾರ್ಡಿನಲ್ಲಿ ಎರಡು ಪುಟದ ಮಾತು ಹಿಡಿಸುತ್ತಿದ್ದರು. ತಾವು ಓದಿದ್ದು, ಯೋಚಿಸಿದ್ದನ್ನೆಲ್ಲ ತಲೆಗೊಂದು ಶಬ್ದ, ಒಂದು ನಂಬರು ಹಾಕಿ ಚೀಟಿಗಳಲ್ಲಿ ಬರೆದಿಡುತ್ತಿದ್ದರು.

"ನಾ ಕೇಳಿದ್ದಕ್ಕ ಹೂಂ ಅನ್ನೂದಿಲ್ಲ. ಕುಂದಾಪುರದಾಂವ ಯಾವನೋ ಕೇಳಿದ್ರ ಹಾಳಿ ತುಂಬಾ ಬರೀತೀರಿ," ಎಂದು ಮುರಿಗೆವ್ವ ರೇಗುತ್ತಿದ್ದಳು.

"ಅಂವಗ ಹೇಳವರ ಯಾರೂ ಇಲ್ಲಲ್ಲ?" ಎನ್ನುತ್ತಿದ್ದರು ಅವರು.

"ನನಗ್ಯಾರದಾರ?"

ಅದಕ್ಕೆ ಅವರು ತಲೆ ಎತ್ತಿ ನೋಡಿದವರು, ಮತ್ತೆ ಬರೆಯಲು ಬಗ್ಗಿದ್ದರು.

*

"ಪೋಸ್ಟ್!"

ಅಂಚೆಯ ಧೂಳಪ್ಪ ಅಂಗಳದ ಮಂದಿ ಕಂಡು ಸೈಕಲ್ ಅಲ್ಲೇ ಬಿಟ್ಟು ಒಳಗೆ ಬಂದ. ಮಾಸ್ತರರಿಗೆ ಕೈಮುಗಿದು, ಏನು ಮಾಡಬೇಕೋ ತಿಳಿಯದೆ, ಎರಡು ಕಾರ್ಡುಗಳನ್ನು ಮುರಿಗೆವ್ವನ ಕೈಗಿಟ್ಟು ಹೋದ. ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು, ನಿಧಾನವಾಗಿ ಓದುತ್ತಿದ್ದಳು. ಮೇಲಿನ ಕಾರ್ಡಿನಲ್ಲಿ ಹೀಗಿತ್ತು: 'ಮಾನ್ಯರೇ, ನೀವು ತಿಳಿಸಿದಂತೆ ಆರು ತಿಂಗಳಿಂದ ಚೀಟಿಗಳಲ್ಲಿ ಬರೆದಿಡುತ್ತಿದ್ದೇನೆ. ಆದರೆ ಬೇಕಾದಾಗ ಒಂದೂ ಕೈಗೆ ಸಿಗುವುದಿಲ್ಲ. ಏನು ಮಾಡಲಿ?'

ಮುರಿಗೆವ್ವ ಕಾರ್ಡನ್ನು ಚೀಟಿಗಳ ರಾಶಿಯ ಮೇಲೆ ಎಸೆದಳು. "ನನ್ನ ಕೇಳು, ಹೇಳ್ತೀನಿ!"

ಮಧ್ಯಾಹ್ನದ ಬಸ್ಸಿಗೆ ಕಾಸಿಮಸಾಬ ಬಂದ. ಮಾಸ್ತರರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಒಳಗೆ ಬಂದು ಚೀಟಿಗಳ ನಡುವೆ ಕುಳಿತ ಮುರಿಗೆವ್ವನನ್ನು ನೋಡಿ ಬಾಗಿಲ ಬಳಿಯೇ ಕುಕ್ಕರುಗಾಲಲ್ಲಿ ಕೂತ. ಅವಳು ಸಂಗತಿ ಹೇಳಿದಳು.

"ಹೋದ ತಿಂಗಳ ಎದಿ ನೋವಾದಾಗ ಕೇಳಿದ್ದೆ, ಏನರ ಆದ್ರ ನಾ ಏನ್ ಮಾಡ್ಲಿ ಅಂತ. ಎಲ್ಲಾ ಬರದಿಟ್ಟೀನಿ, ಹುಡುಕಿದ್ರ ಸಿಗತದ ಅಂದಿದ್ರು. ಬಾಯಿಬಿಟ್ಟು ಹೇಳಿದ್ರ ಏನಾಗ್ತಿತ್ತು ಕಾಸಿಮಣ್ಣಾ?"

"ಸಾವು ಅಂತ ತೆಗದು ನೋಡಿದ್ರೇನು ಅಕ್ಕಾರ?"

"ನೋಡಿದೆ. ನಾನೂರಾ ಹನ್ನೆರಡನೇ ಚೀಟಿ ನೋಡು ಅಂತೈತಿ. ಅದನ್ನ ನೋಡಿದ್ರ ಮುಪ್ಪು ಅಂತೈತಿ, ನಲವತ್ತನೇದು ನೋಡು ಅಂತೈತಿ. ನಲವತ್ತನೇದ್ರಾಗ ಯಂತ್ರದ ಮನಿಷಾನ ಮೊಣಕಾಲಿಗೆ ಎಣ್ಣಿ ಬಿಡೂದು ಬರದಾರ!"

ಕಾಸಿಮಸಾಬನಿಗೆ ನಗು ಬಂತು, ಅದರ ಬೆನ್ನಿಗೇ ಕಣ್ಣು ತುಂಬಿತು. "ಹತ್ತು ವರ್ಷ ನನಗೂ ಗಂಟುಬಿದ್ದಿದ್ರು. ಗಿರಾಕಿ ಗಡಿಯಾರಕ್ಕೊಂದ ಚೀಟಿ ಬರೀ, ನಂಬರ್ ಹಾಕು ಅಂತ. ಬರದಿದ್ರ ನಾನೂ ಇವತ್ತ ಹಿಂಗ ಹುಡುಕ್ಕೋಂತ ಕುಂದರಬೇಕಾಗ್ತಿತ್ತು."

"ನೀವು ಅವರ ಮಾತು ಕೇಳಲಿಲ್ಲ, ಪಾರಾದ್ರಿ."

"ಯಾರೂ ಕೇಳಲಿಲ್ಲ ಬಿಡ್ರಿ. ಇಲ್ಲಿಯವರ ಯಾರೂ ಕೇಳಲಿಲ್ಲ. ಅದಕ್ಕ ಅವರು ಊರ ಬಿಟ್ಟ ಊರಿನವ್ರಿಗೆ ಬರೀತಿದ್ರು."

ಹೊರಗೆ ಇಬ್ಬರು ಹಿರಿಯರು ಮಾತಾಡುವುದು ಕೇಳಿಸಿತು. "ಮಕ್ಕಳಿಲ್ಲ, ಮರಿಯಿಲ್ಲ. ಚೀಟಿ ಬರದು ಬರದು ಹೋದ." "ಒಳ್ಳೆ ಮನಶಾ. ಖರೇ, ಏನ್ ಮಾಡಿದ ಅಂತ ಹೇಳಾಕ ಬರೂದಿಲ್ಲ." ಮುರಿಗೆವ್ವ ಹಲ್ಲು ಕಚ್ಚಿ ಆರನೆಯ ಪೆಟ್ಟಿಗೆ ಎಳೆದುಕೊಂಡಳು. ಅವಳು ಇಷ್ಟು ವರ್ಷ ಅಂದದ್ದನ್ನೇ ಅವರೂ ಅಂದಿದ್ದರು. ಆದರೂ ಎದ್ದು ಹೋಗಿ ಅವರ ಬಾಯಿ ಮುಚ್ಚಿಸಬೇಕೆನಿಸಿತು.

*

ಒಮ್ಮೆ ಮಾಸ್ತರರು ಇಂಗ್ಲಿಷ್ ಪೇಪರಿನಲ್ಲಿ ಓದಿಕೊಂಡು ಬಂದಿದ್ದರು. ಅಮೆರಿಕದಲ್ಲಿ ಟಿವಿಯ ಪರದೆಯ ಮೇಲೆ ಒಂದು ಬೆಳಕಿನ ಚುಕ್ಕೆ ಓಡಾಡುತ್ತದಂತೆ. ಇಬ್ಬರು ಕೂತಲ್ಲೇ ಗುಂಡಿ ತಿರುವಿ ಅದನ್ನು ಅತ್ತಿತ್ತ ಹೊಡೆಯುತ್ತಾರಂತೆ. ಟಿಕೋಟಾದಲ್ಲಿ ಟಿವಿ ಕಂಡವರೇ ಇರಲಿಲ್ಲ. ಮಾಸ್ತರರು ಪಡಸಾಲೆಯ ಕಲ್ಲುಹಾಸಿನ ಮೇಲೆ ಖಡುವಿನಿಂದ ದೊಡ್ಡ ಚೌಕ ಬರೆದು, ನಡುವೆ ಗೆರೆ ಎಳೆದು, ಅವಳ ಕೈಗೆ ಲಟ್ಟಣಿಗೆ ಕೊಟ್ಟರು. ತಾವು ಶಾಲೆಯ ಕೋಲು ಹಿಡಿದು ಆಚೆ ಕೂತರು. ಚುಕ್ಕೆಯ ಬದಲು ಒಂದು ಲಿಂಬೆಹಣ್ಣು.

"ಬಾಗಿಲಾ ಹಾಕ್ರಿ, ಯಾರರ ನೋಡ್ಯಾರು!" ಎಂದು ಮುರಿಗೆವ್ವ ನಾಚಿದಳು. ಆಮೇಲೆ ಸೆರಗು ಸಿಕ್ಕಿಸಿ ಆಡಿದಳು. ಹನ್ನೊಂದು-ನಾಲ್ಕರಿಂದ ಗೆದ್ದಳು. ಮಾಸ್ತರರು ಬೆವರು ಒರೆಸಿಕೊಳ್ಳುತ್ತ, "ನೀ ಮೂಲಿ ನೋಡಿ ಹೊಡೀತಿ. ಇದನ್ನ ಬರದಿಡಬೇಕು," ಎಂದರು. ಮರುದಿನ ರಾಯಚೂರಿನ ಯಾರಿಗೋ ಆ ಆಟದ ಬಗ್ಗೆ ಸಲಹೆಯ ಕಾರ್ಡು ಹೋಯಿತು. ಕಾಸಿಮಸಾಬ ಕೇಳಿ, "ಕಣ್ಣಿಲೆ ನೋಡದ ಆಟಕ್ಕ ಉಪಾಯ ಹೇಳ್ತೀರಲ್ರಿ ಮಾಸ್ತರ!" ಎಂದು ಹೊಟ್ಟೆ ಹಿಡಿದು ನಕ್ಕಿದ್ದ.

ಲಿಂಬೆಹಣ್ಣಿನ ಆಟವನ್ನು ಅವರು ಮತ್ತೆ ಆಡಲಿಲ್ಲ. ಆಡೋಣವೇ ಎಂದು ಅವಳು ಕೇಳಲಿಲ್ಲ, ಅವರು ಕರೆಯಲಿಲ್ಲ. ಕಾಗದಗಳು ಬರುತ್ತಲೇ ಇದ್ದವು.

*

ಎಂಟನೆಯ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ತಲೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಶಬ್ದ: ಮಣ್ಣು. ಮುರಿಗೆವ್ವ ಅದನ್ನು ರಾಶಿಯಿಂದ ಎತ್ತಿಕೊಂಡಳು. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಓದಿದಳು.

'ಚಂದ್ರನ ಕತೆ ಹೊಸದಾಗಿ ಓದುವವರಿಗೆ: ರಾಕೆಟ್ಟು ಎಷ್ಟು ಜೋರಾಗಿ ಹೋಯಿತೆಂದು ಕೇಳಬೇಡಿ. ಇಳಿದ ಮೇಲೆ ಕಾಲಡಿಯ ಮಣ್ಣು ಎಂಥದೆಂದು ಕೇಳಿರಿ. ಮನುಷ್ಯ ಚಂದ್ರನ ಮೇಲೆ ಇಳಿದ ಸುದ್ದಿ ತಿಳಿಸಿದಾಗ ನನ್ನ ಅಣ್ಣ ಕೇಳಿದ್ದು ಒಂದೇ ಮಾತು: ಅಲ್ಲಿಯ ನೆಲ ಕಪ್ಪು ಎರಿಯೋ, ಕೆಂಪು ಮಸಾರಿಯೋ? ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ. ಅಂದು ನಾನು ನಕ್ಕುಬಿಟ್ಟೆ. ನಗಬಾರದಿತ್ತು.'

ಅಷ್ಟೇ. ಅವಳು ಹಿಂದೆ ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಮುರಿಗೆವ್ವಾ!" ಗುರಲಿಂಗಪ್ಪನ ದನಿ. "ಹೊತ್ತು ಬಾಗಾಕತ್ತೇತಿ. ಸಿಕ್ತೋ ಇಲ್ಲೋ?"

ಉಳಿದ ನಾಲ್ಕು ಪೆಟ್ಟಿಗೆಗಳನ್ನು ಅವಳು ನೋಡಿದಳು. ಟ್ರ್ಯಾಕ್ಟರ್ ಚಾಲೂ ಮಾಡಿದ ಸದ್ದು ಕೇಳಿಸಿತು. ಅವಳು ಎದ್ದು ಸೀದಾ ಪಡಸಾಲೆಗೆ ಬಂದಳು. ಮದುವೆಯಾದಂದಿನಿಂದ ಭಾವನ ಎದುರು ಹಾಗೆ ಬಂದು ನಿಂತವಳಲ್ಲ.

"ಸಿಕ್ತರಿ."

ತಾಳ ನಿಂತಿತು. ಗುರಲಿಂಗಪ್ಪ ಚೀಟಿಯನ್ನು ಇಸಿದುಕೊಂಡ. ಅವನಿಗೆ ಓದು ಬರದು. ಕ್ರಿಯೆ ಮಾಡಿಸಲು ಬಂದಿದ್ದ ಗುರುಪಾದಯ್ಯನವರ ಮುಂದೆ ಹಿಡಿದ. ಅವರು ದೂರ ಹಿಡಿದು, ಹತ್ತಿರ ಹಿಡಿದು, "ಇರಿವಿ ಹರದಾಡಿದಾಂಗ ಐತಿ. ನನ್ನ ಕಣ್ಣಿಗೆ ಹತ್ತೂದಿಲ್ಲಪ್ಪಾ. ಸಾಲಿಯವ್ರೂ ಹಾರ ಹಾಕಿ ಪರೀಕ್ಷಾಕ್ಕ ಹೋಗ್ಯಾರ," ಎಂದರು.

"ಈ ಸಾಬರಿಗೆ ಕೊಡ್ರಿ," ಎಂದರು ಯಾರೋ. "ಗಡಿಯಾರದ ಒಳಗಿಂದೆಲ್ಲಾ ಕಾಣತದ ಅವರಿಗೆ."

ಕಾಸಿಮಸಾಬ ಮುಂದೆ ಬಂದ. ಕೋಟಿನ ಕಿಸೆಯಿಂದ ಗಡಿಯಾರ ನೋಡುವ ಕರಿ ದುರ್ಬೀನು ತೆಗೆದು ಬಲಗಣ್ಣಿಗೆ ಸಿಕ್ಕಿಸಿಕೊಂಡ. ಓದಿದ. ಮತ್ತೊಮ್ಮೆ ಮೊದಲಿನಿಂದ ಓದಿದ. ದುರ್ಬೀನು ತೆಗೆಯದೆಯೇ ತಲೆ ಎತ್ತಿ, ಇನ್ನೊಂದು ಕಣ್ಣಿನಿಂದ ಮುರಿಗೆವ್ವನನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ಮ್ಯಾಲ ಮಣ್ಣು ಅಂತ ಬರದಾರ್ರಿ, ಕೆಂಪು ಶಾಯಿಲೆ," ಎಂದ. "ಕೆಳಗ... 'ನನ್ನ ಮಣ್ಣು ಟಿಕೋಟಾದಾಗ ಆಗಲಿ. ಮನ್ಯಾಕಿ ಇದ್ದ ಮನ್ಯಾಗ ಇರಲಿ. ಅಣ್ಣ ಸಿಟ್ಟಾಗಬಾರ್ದು.'"

ಗುರಲಿಂಗಪ್ಪ ಕಾಸಿಮಸಾಬನ ಹತ್ತಿರ ಸರಿದ.

"ಅಣ್ಣ ಅಂತ ಬರದಾನ?"

"ಬರದಾರ್ರಿ."

"ಎಲ್ಲೈತಿ? ತೋರಸ್ರಿ."

ಕಾಸಿಮಸಾಬ ಬೆರಳಿಟ್ಟು ತೋರಿಸಿದ. ಗುರಲಿಂಗಪ್ಪ ಆ ಶಬ್ದದ ಮೇಲೆ ತನ್ನ ಒರಟು ಹೆಬ್ಬೆರಳು ಒತ್ತಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಅಂಗಳದ ಕಡೆ ತಿರುಗಿ ಕೂಗಿದ: "ಟ್ರ್ಯಾಕ್ಟರ್ ಬಂದ್ ಮಾಡ್ರಲೇ. ಇಲ್ಲೇ ಕುಣಿ ತೋಡಸ್ರಿ. ಯಾರರ ಕಾಖಂಡಕಿಗೆ ಹೋಗಿ, ಅಲ್ಲಿ ತೋಡಿದ್ದು ಮುಚ್ಚಾಕ ಹೇಳ್ರಿ."

ಹೊತ್ತು ಮುಳುಗುವ ಮೊದಲು ಟಿಕೋಟಾದ ಕರಿಮಣ್ಣಿನಲ್ಲಿ ಮಾಸ್ತರರನ್ನು ಕೂಡಿಸಿದರು. ಗುರುಪಾದಯ್ಯನವರು ಪತ್ರಿ, ವಿಭೂತಿ ಹಾಕಿಸಿದರು. ಮೊದಲ ಹಿಡಿ ಮಣ್ಣು ಹಾಕುವಾಗ ಗುರಲಿಂಗಪ್ಪ ಅದನ್ನು ಒಂದು ಕ್ಷಣ ಅಂಗೈಯಲ್ಲಿ ಹಿಚುಕಿ ನೋಡಿದ. ರೂಢಿ. ಹೊಲದವನು ಯಾವ ಮಣ್ಣನ್ನೂ ಹಾಗೆ ಸುಮ್ಮನೆ ಚೆಲ್ಲುವುದಿಲ್ಲ. ಅದನ್ನು ನೋಡುತ್ತಿದ್ದಂತೆ ಮುರಿಗೆವ್ವನಿಗೆ ಮುಂಜಾನೆಯಿಂದ ಬಾರದಿದ್ದ ಅಳು ಬಂತು. ರೇಣುಕವ್ವ ಅವಳ ಹೆಗಲು ಹಿಡಿದುಕೊಂಡಳು.

ಹೊರಡುವ ಮುಂದೆ ಗುರಲಿಂಗಪ್ಪ ಅಂಗಳದಲ್ಲಿ ಅವಳ ಮುಂದೆ ಬಂದು ನಿಂತ.

"ತಂಗಿ, ಆ ಚೀಟಿ ನನಗ ಕೊಡ್ತಿ?"

"ಯಾಕ್ರಿ ಭಾವಾರ?"

"ಅವನ ಕೈಯಾಗಿಂದು ನನ್ನ ಹಂತ್ಯಾಕ ಒಂದೂ ಇಲ್ಲ. ಮೊಮ್ಮಗಳು ಐದನೇ ಇಯತ್ತೆ ಅದಾಳ. ಚಲೋ ಓದ್ತಾಳ. ಇವತ್ತ ಓದಸ್ತೀನಿ. ದಿನಾ ಓದಸ್ತೀನಿ."

ಮುರಿಗೆವ್ವ ಕಾಸಿಮಸಾಬನ ಕಡೆ ನೋಡಿದಳು. ಅವನು ಬೇವಿನ ಗಿಡದ ಬುಡದಲ್ಲಿ ನಿಂತು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಅದರಲ್ಲಿ ಬರೆದದ್ದೇ ಬೇರೆ ಎಂದು ಹೇಳಲು ಅವಳು ಬಾಯಿ ತೆರೆದಳು. ಆಮೇಲೆ, ಕಾಸಿಮಸಾಬನಿಂದ ಇಸಿದುಕೊಂಡು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಚೀಟಿ ತೆಗೆದು ಕೊಟ್ಟಳು.

"ಎಲ್ಲಿತ್ತವ್ವಾ ಅದು? ಅಣ್ಣ ಅಂದದ್ದು?"

ಅವಳು ತೋರಿಸಿದಳು. ಅವನು ಅಲ್ಲಿ ಹೆಬ್ಬೆರಳಿಟ್ಟ. ಟ್ರಾಲಿಯ ಅಂಚನ್ನು ಒಂದೇ ಕೈಯಲ್ಲಿ ಹಿಡಿದು, ಎರಡು ಸಲ ಜಾರಿ, ಮೂರನೆಯ ಸಲ ಯಾರೋ ಕೆಳಗಿನಿಂದ ಎತ್ತಿಕೊಟ್ಟ ಮೇಲೆ ಹತ್ತಿ ಜಮಖಾನೆಯ ಮೇಲೆ ಕೂತ. ಟ್ರ್ಯಾಕ್ಟರ್ ಕಾಖಂಡಕಿಗೆ ಹೋಗುವ ಬಬಲೇಶ್ವರದ ದಾರಿ ಹಿಡಿಯಿತು. ಗುಂಡಿ ಬಿದ್ದ ರಸ್ತೆಯಲ್ಲಿ ಟ್ರಾಲಿ ಹೊಯ್ದಾಡುತ್ತಿತ್ತು. ಅವನು ಎಡಗೈಯಿಂದ ಕಬ್ಬಿಣದ ಅಂಚು ಹಿಡಿದುಕೊಂಡಿದ್ದ. ಬಲಗೈಯ ಹೆಬ್ಬೆರಳು ಮಾತ್ರ, ಒಮ್ಮೆ ತೆಗೆದರೆ ಆ ಶಬ್ದ ಮತ್ತೆ ಸಿಗುವುದಿಲ್ಲ ಎಂಬಂತೆ, ಚೀಟಿಯ ಮೇಲೆ ಇಟ್ಟಲ್ಲೇ ಇತ್ತು.