ಪಾತ್ರೆಯಲ್ಲಿ ಉಳಿದದ್ದು

ಕರ್ತನ ಭೋಜನದ ಭಾನುವಾರಗಳಲ್ಲಿ ಬಡಗಿ ರೊಟ್ಟಿಯನ್ನು ಮಾತ್ರ ತೆಗೆದುಕೊಳ್ಳುತ್ತಿದ್ದ. ಎಲ್ಲರ ಸಾಲಿನಲ್ಲಿ ಮೊಣಕಾಲೂರಿ, ಅಂಗೈ ಚಾಚಿ, ಚೂರು ರೊಟ್ಟಿಯನ್ನು ಬಾಯಿಗಿಟ್ಟುಕೊಂಡು, ದ್ರಾಕ್ಷಾರಸದ ಪಾತ್ರೆ ಹತ್ತಿರ ಬರುತ್ತಲೇ ತಲೆ ತಗ್ಗಿಸಿಬಿಡುತ್ತಿದ್ದ. ಪಾತ್ರೆ ಅವನನ್ನು ದಾಟಿಕೊಂಡು ಪಕ್ಕದಲ್ಲಿದ್ದ ಹೆಂಡತಿಯ ತುಟಿಗೆ ಹೋಗುತ್ತಿತ್ತು. ಚರ್ಚುಗುಡಿಯ ಗಂಟೆ ಹೊಡೆಯುವ ಮುದುಕ ಅವನಿಗೆ ಬರಿರೊಟ್ಟಿ ಎಂದು ಹೆಸರಿಟ್ಟಿದ್ದ.

"ಏನಪ್ಪಾ ಬರಿರೊಟ್ಟಿ, ಗಂಟಲಲ್ಲಿ ಸಿಕ್ಕೊಳ್ಳಲ್ವಾ?"

"ಸಿಕ್ಕೊಳ್ಳುತ್ತೆ ಅಜ್ಜ. ಉಗುಳು ನುಂಗ್ತೀನಿ," ಎಂದು ಬಡಗಿಯೂ ನಗುತ್ತಿದ್ದ.

ನಗುವಂಥದ್ದೇನೂ ಅದರಲ್ಲಿರಲಿಲ್ಲ. ಬಡಗಿ ಹಿಂದೆ ಕುಡಿಯುತ್ತಿದ್ದ, ಮಧ್ಯಾಹ್ನಕ್ಕೇ ಶುರುಮಾಡುತ್ತಿದ್ದ. ಅವನೂ ಅವನ ತಮ್ಮನೂ ಮನೆಯ ಹಿಂದಿನ ಶೆಡ್ಡಿನಲ್ಲಿ ಕಿಟಕಿ, ಬಾಗಿಲು, ಮೇಜು ಮಾಡುತ್ತಿದ್ದರು. ಒಂದು ದಿನ ಗರಗಸದ ಮಷಿನ್ನಿನಲ್ಲಿ ಹಲಗೆಯ ಸೀಳೊಂದು ಸಿಕ್ಕಿಕೊಂಡಿತು. ತಮ್ಮ ಬಗ್ಗಿ ಅದನ್ನು ಬಿಡಿಸುತ್ತಿದ್ದ. ಊಟದ ಜೊತೆ ಕುಡಿದು ಬಂದ ಬಡಗಿ ನೋಡದೆ ಸ್ವಿಚ್ಚು ಹಾಕಿದ. ಆಸ್ಪತ್ರೆಯ ಗಾಡಿ ಬರುವುದರೊಳಗೆ ಕೆಳಗಿದ್ದ ಮರದ ಹೊಟ್ಟು ತಮ್ಮನ ರಕ್ತವನ್ನೆಲ್ಲ ಹೀರಿಕೊಂಡಿತ್ತು. ಪೊಲೀಸರು ಅಪಘಾತ ಎಂದು ಬರೆದುಕೊಂಡು ಹೋದರು. ಬಡಗಿಯ ಬಾಯಿಯ ವಾಸನೆ ಬಡಿದದ್ದು ಇಬ್ಬರ ಮೂಗಿಗೆ. ಒಬ್ಬಳು ಅವನ ಹೆಂಡತಿ, ಇನ್ನೊಬ್ಬಳು ಆ ಗಳಿಗೆಗೆ ವಿಧವೆಯಾದ ಅವಳ ಓರಗಿತ್ತಿ.

ಕುಡಿತ ಬಿಡಿಸಿದವರು ಸಭೆಯ ಹಿಂದಿನ ಪಾದ್ರಿ ಅಯ್ಯನವರು. ಆಸ್ಪತ್ರೆಗೆ ಸೇರಿಸಿದರು, ಕೈನಡುಗುವಾಗ ಪಕ್ಕದಲ್ಲಿ ಕೂತರು. ಇನ್ನೊಂದು ಗುಟುಕು ಹೋದರೂ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತೀರಿ ಎಂದು ಡಾಕ್ಟರು ಹೇಳಿದ ಮೇಲೆ, ರೊಟ್ಟಿ ಸಾಕು ಎಂದು ಅಯ್ಯನವರೇ ಅಪ್ಪಣೆ ಕೊಟ್ಟರು. ರೊಟ್ಟಿಯಲ್ಲೇ ಕ್ರಿಸ್ತ ಪೂರ್ತಿಯಾಗಿದ್ದಾನೆ, ಅರ್ಧ ಕ್ರಿಸ್ತ ಅಂತ ಯಾರಿಗೂ ಇಲ್ಲ ಎಂದು ಬಿಡಿಸಿ ಬಿಡಿಸಿ ತಿಳಿಸಿದರು. ಬಡಗಿ ಅವರ ಮುಂದೆ ತಲೆಯಾಡಿಸಿ, ಮನೆಗೆ ಬಂದು ಹೆಂಡತಿಯ ಹತ್ತಿರ ತೋಡಿಕೊಳ್ಳುತ್ತಿದ್ದ.

"ನಾನು ಚೆಲ್ಲಿದ್ದು ರಕ್ತ ಕಣೇ. ರಕ್ತವನ್ನ ರಕ್ತವೇ ತೊಳೆಯಬೇಕು ಅಂತ ತಾನೇ ಇವರೆಲ್ಲ ಹಾಡೋದು? ರೊಟ್ಟಿ ತಗೊಂಡು ಉಜ್ಜಿದರೆ ಕಲೆ ಹೋಗುತ್ತಾ?"

"ಅಯ್ಯನವರು ಅಷ್ಟು ಹೇಳಿದ್ದಾರಲ್ರೀ."

"ಅವರು ಒಳ್ಳೆಯವರು. ಒಳ್ಳೆಯವರು ಏನು ಬೇಕಾದ್ರೂ ಹೇಳ್ತಾರೆ."

ಅವಳಿಗೆ ಬೇಕಾಗಿದ್ದದ್ದು ಒಂದೇ. ಅವನು ಕುಡಿಯದೆ ಇರಬೇಕು. ತೊಳೆಯಲಿ ಬಿಡಲಿ, ಸಂಜೆ ಬಾಗಿಲು ತೆಗೆದಾಗ ಅವನು ನೆಟ್ಟಗೆ ನಿಂತಿರಬೇಕು. ವರ್ಷಗಳು ಹಾಗೇ ಕಳೆದವು. ಬೆಂಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡವಳ ಹಾಗೆ ಅವಳು ಎದ್ದಳು, ಮಲಗಿದಳು. ಅವನು ನೆಟ್ಟಗೇ ಇದ್ದ.

ಗುಡಿಯಲ್ಲಿ ಭೋಜನದ ಮೇಜು ಅಣಿಮಾಡುವ ಕೆಲಸ ಅವಳದ್ದೇ. ಬಿಳಿ ಬಟ್ಟೆ ಹಾಸುವುದು, ಬೆಳ್ಳಿಯ ಪಾತ್ರೆ ಒರೆಸುವುದು, ದ್ರಾಕ್ಷಾರಸ ಬಗ್ಗಿಸುವುದು. ಎಲ್ಲಾ ಮುಗಿದ ಮೇಲೆ ಪಾತ್ರೆ ತೊಳೆದ ನೀರನ್ನು ಮೋರಿಗೆ ಚೆಲ್ಲುವಂತಿಲ್ಲ, ಗೋಡೆಯ ಬುಡದ ಮಣ್ಣಿಗೇ ಹಾಕಬೇಕು. ಪ್ರಾರ್ಥನೆಯಾದ ದ್ರಾಕ್ಷಾರಸ ಪಾತ್ರೆಯಲ್ಲಿ ಮಿಕ್ಕರೆ ಅದನ್ನು ಬಾಟಲಿಗೆ ವಾಪಸು ಸುರಿಯುವಂತಿಲ್ಲ, ನಾಳೆಗೆ ಇಡುವಂತಿಲ್ಲ, ಮಣ್ಣಿಗೂ ಹಾಕುವಂತಿಲ್ಲ. ಅದು ರಕ್ತ. ಒಂದು ಹನಿಯೂ ನೆಲಕ್ಕೆ ಬೀಳದಂತೆ ಅಲ್ಲಿದ್ದವರೇ ಕುಡಿದು ಮುಗಿಸಬೇಕು. ಹಿಂದಿನ ಅಯ್ಯನವರು ತಾವೇ ಕುಡಿದು, ಪಾತ್ರೆಗೆ ನೀರು ಹಾಕಿ ಅಲ್ಲಾಡಿಸಿ, ಅದನ್ನೂ ಕುಡಿಯುತ್ತಿದ್ದರು.

ಅವರಿಗೆ ವರ್ಗವಾಯಿತು. ಹೊಸ ಅಯ್ಯನವರು ಬಂದರು. ಕಾಮಾಲೆಯಿಂದ ಎದ್ದು ಬಂದ ಸಣಕಲು ಮನುಷ್ಯ, ಕಣ್ಣಿನ ಹಳದಿ ಇನ್ನೂ ಪೂರ್ತಿ ಇಳಿದಿರಲಿಲ್ಲ. ಬಡಗಿಯ ಕುಡಿತದ ವಿಷಯ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ, ಹೇಳಿಯೇ ಇರುತ್ತಾರೆ ಎಂದುಕೊಳ್ಳುತ್ತಾರೆ.

ಅವರ ಮೊದಲ ಭೋಜನದ ಭಾನುವಾರ ಬಸ್ಸಿನವರ ಮುಷ್ಕರ ಬಿತ್ತು. ಹತ್ತಿರದ ಬೀದಿಗಳವರು ಬಿಟ್ಟರೆ ಬೆಂಚುಗಳೆಲ್ಲ ಖಾಲಿ. ಪಾತ್ರೆ ಎಂದಿನ ಹಾಗೆ ತುಂಬಿತ್ತು. ಬಡಗಿ ತಲೆ ತಗ್ಗಿಸಿದ್ದು ಹೊಸಬರ ಗಮನಕ್ಕೆ ಬರಲಿಲ್ಲ. ಉಳಿದವರ ತುಟಿ ಮುಟ್ಟಿ ಪಾತ್ರೆ ವಾಪಸು ಬಂದಾಗ ಅರ್ಧ ಹಾಗೇ ಇತ್ತು. ಆರಾಧನೆ ಮುಗಿದ ಮೇಲೆ ಅಯ್ಯನವರು ಅದನ್ನು ಪಕ್ಕದ ಕೋಣೆಗೆ ತಂದರು. ಬಡಗಿ ಅಲ್ಲೇ ಕೂತು, ಅಯ್ಯನವರ ನಿಲುವಂಗಿಗಳ ಬೀರುವಿನ ಜೋತುಬಿದ್ದ ಬಾಗಿಲಿಗೆ ಮೊಳೆ ಹೊಡೆಯುತ್ತಿದ್ದ. ಹೆಂಡತಿ ಒಳಗೆ ಮೇಜಿನ ಬಟ್ಟೆ ಮಡಿಸುತ್ತಿದ್ದಳು.

ಆಮೇಲೆ ನಡೆದದ್ದನ್ನು ಅಯ್ಯನವರೇ ಅವಳಿಗೆ ಹೇಳಿದರು, ಒಂದು ಮಾತನ್ನೂ ಮುಚ್ಚಿಡದೆ.

"ಅಣ್ಣಾ, ನಂಗೆ ಈ ಪಿತ್ತಕೋಶದ ಕಾಟ. ಡಾಕ್ಟರು ತುಟಿಗೆ ಸೋಕಿಸಿದರೆ ಸಾಕು ಅಂದಿದ್ದಾರೆ. ಇಷ್ಟು ಉಳಿದುಬಿಟ್ಟಿದೆ. ಚೆಲ್ಲೋ ಹಾಗಿಲ್ಲ. ನೀವೊಂದು ಕೈ ಸಹಾಯ ಮಾಡ್ತೀರಾ?"

ಬಡಗಿ ಸುತ್ತಿಗೆ ಕೆಳಗಿಟ್ಟ. "ನಾನಾ?"

"ನೀವೇ. ಯಾಕೆ, ಮೊನ್ನೆ ಮೊನ್ನೆ ದೀಕ್ಷೆ ತಗೊಂಡವರ ಹಾಗೆ ಕೇಳ್ತೀರಲ್ಲ!"

"ಚೆಲ್ಲಬಾರದಾ ಅಯ್ಯಾ?"

"ಒಂದು ಹನಿಯೂ ಚೆಲ್ಲಬಾರದು. ಕರ್ತನ ರಕ್ತ ಅಲ್ವಾ."

ಬಡಗಿ ಎದ್ದು, ಹೊಟ್ಟು ಅಂಟಿದ್ದ ಕೈಯನ್ನು ಅಂಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಪಾತ್ರೆ ಹಿಡಿದ. ಹೆಂಡತಿ ಬಟ್ಟೆ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಪಾತ್ರೆಯ ತಳ ಸೂರಿನ ಕಡೆ ತಿರುಗಿತ್ತು.

ಬಡಗಿ ಅವಳ ಕಡೆ ತಿರುಗಿದ. ಇಷ್ಟು ವರ್ಷ ಆ ಮುಖದಲ್ಲಿ ಕಾಣದ ಬೆಳಕೊಂದು ಕಂಡಿತು. ಮದುವೆಯ ದಿನ ಅವನ ಮುಖ ಹೀಗೇ ಇದ್ದಿತ್ತು.

"ಕುಡಿದೆ ಕಣೇ. ನಾನಾಗಿ ಕೇಳಲಿಲ್ಲ, ಅವರೇ ಕೊಟ್ಟರು. ಇಲ್ಲ ಅಂದಿದ್ದರೆ ಚೆಲ್ಲಬೇಕಾಗಿತ್ತು. ಇನ್ನೊಂದು ಸಲ ರಕ್ತ ಚೆಲ್ಲಲಾ ನಾನು?"

"ರೀ... ಅದು ವೈನು."

"ಛೆ, ಪ್ರಾರ್ಥನೆ ಆದ್ಮೇಲೆ ಎಂಥ ವೈನು? ನೀನೇ ತೊಳೆದ ನೀರನ್ನೂ ಮೋರಿಗೆ ಹಾಕಲ್ಲ."

ಅವಳು ಖಾಲಿ ಪಾತ್ರೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

ಮನೆಗೆ ಹೋಗುವ ದಾರಿಯಲ್ಲಿ ಅವನು ಓರಗಿತ್ತಿಯ ಬೀದಿಗೆ ತಿರುಗಿಕೊಂಡ. ಬೇಡವೆಂದು ಅವಳು ತೋಳು ಹಿಡಿದು ಎಳೆದರೂ ಕೇಳಲಿಲ್ಲ. ಓರಗಿತ್ತಿ ಹೊಲಿಗೆಯವಳು, ಮುಂಬಾಗಿಲಲ್ಲೇ ಮಷಿನ್ನು ಹಾಕಿಕೊಂಡಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎದ್ದು ನಿಂತಳು. ಸಾವಾದ ಮೇಲೆ ಭಾವ ಅವಳ ಹೊಸ್ತಿಲ ಹತ್ತಿರ ಬಂದದ್ದು ಅದೇ ಮೊದಲು.

"ತಾಯಿ, ಇವತ್ತು ಪಾತ್ರೆ ನಂಗೆ ಸಿಕ್ತು," ಎಂದ ಬಡಗಿ. "ತೊಳೀತು. ಅದನ್ನ ಮೊದಲು ನಿಂಗೇ ಹೇಳಬೇಕು ಅನ್ನಿಸ್ತು."

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡಳು. ಆಮೇಲೆ ಮೂಗು ಅರಳಿತು.

"ಭಾವ, ಅವತ್ತೂ ಇದೇ ವಾಸನೆ."

"ಇದು ಅದಲ್ಲಮ್ಮ..."

"ಇದೇ. ನನ್ನ ಗಂಡನ ತಲೇನ ತೊಡೆ ಮೇಲೆ ಇಟ್ಟುಕೊಂಡಿದ್ದೆನಲ್ಲ, ನೀವು ಮುಖದ ಹತ್ತಿರ ಬಗ್ಗಿ ಅಳ್ತಾ ಇದ್ರಿ. ಇದೇ ವಾಸನೆ." ಅವಳು ಬಡಗಿಯ ಹೆಂಡತಿಯ ಕಡೆ ನೋಡಿದಳು. "ಅಕ್ಕಾ, ಕರಕೊಂಡು ಹೋಗು. ನಂಗೆ ಕೆಲಸ ಇದೆ."

ಬಾಗಿಲು ಹಾಕಿಕೊಂಡಿತು. ಬಡಗಿ ಮೆಟ್ಟಿಲಿಳಿದು, ಅಂಗೈಗೆ ಉಸಿರು ಬಿಟ್ಟು ಮೂಸಿಕೊಂಡ. ಮತ್ತೆ ಮೂಸಿದ. ಮುಖದ ಬೆಳಕು ಆರಿಹೋದದ್ದನ್ನು ಹೆಂಡತಿ ಕಣ್ಣಾರೆ ಕಂಡಳು. ಬೀದಿಯ ಮೂಲೆಯಲ್ಲಿ, "ನೀನು ನಡಿ, ಮೊಳೆ ತರ್ತೀನಿ," ಎಂದ. ಎಲ್ಲಿಗೆ ಹೊರಟಿದ್ದಾನೆಂದು ಅವಳಿಗೆ ಗೊತ್ತಾಯಿತು. ಬೀದಿಯಲ್ಲಿ ನಾಲ್ಕು ಜನರ ಮುಂದೆ ಅವನ ಅಂಗಿ ಹಿಡಿದು ಜಗ್ಗಿದಳು, ಕಾಲು ಹಿಡಿಯುತ್ತೇನೆ ಎಂದಳು. ಅವನು ಮೆತ್ತಗೆ ಬೆರಳು ಬಿಡಿಸಿಕೊಂಡು ಹೋದ. ಅವತ್ತು ಅವನನ್ನು ಇಬ್ಬರು ಎತ್ತಿಕೊಂಡು ಬಂದು ಜಗಲಿಯ ಮೇಲೆ ಇಳಿಸಿ ಹೋದರು.

ಆಮೇಲಿನದ್ದು ಹೇಳುವುದಕ್ಕೆ ಬಹಳ ಇಲ್ಲ. ಶೆಡ್ಡಿನ ಕೆಲಸ ನಿಂತಿತು. ಆಸ್ಪತ್ರೆಯವರು ಸೇರಿಸಿಕೊಂಡರು, ಹಿಂಬಾಗಿಲಿನಿಂದ ಓಡಿಬಂದ. ಅವಳು ಹೊಸ ಅಯ್ಯನವರ ಮುಂದೆ ಹೋಗಿ ಕೂತಳು.

"ಅದು ರಕ್ತ ಆಗಿದ್ದರೆ ನನ್ನ ಗಂಡನ್ನ ಯಾಕೆ ಬೀಳಿಸ್ತು ಅಯ್ಯಾ? ವೈನೇ ಆಗಿದ್ದರೆ, ನಾವೆಲ್ಲ ಇಷ್ಟು ವರ್ಷ ಕುಡಿದದ್ದೇನು?"

"ನಂಬಿಕೆಗೆ ಅದು ರಕ್ತ ಅಮ್ಮಾ. ನಾಲಿಗೆಗೆ, ಹೊಟ್ಟೆಗೆ ದ್ರಾಕ್ಷಾರಸವೇ. ಅದರ ಗುಣ ಹೋಗಲ್ಲ. ನಾನು ಕೇಳದೆ ಕೊಟ್ಟೆ."

"ಹಾಗಾದರೆ ಅವರ ಹೊಟ್ಟೆಗೆ ನಂಬಿಕೆ ಇರಲಿಲ್ಲ ಅನ್ನಿ."

ಅಯ್ಯನವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೈಯಬೇಕೆಂದು ಬಂದವಳಿಗೆ ಬೈಯಲಾಗಲಿಲ್ಲ.

ಮರುದಿನ ಅವರು ಮನೆಗೆ ಬಂದರು. ಶೆಡ್ಡಿನಲ್ಲಿ ಹೊಟ್ಟಿನ ಮೇಲೆ ಬಡಗಿಯ ಪಕ್ಕದಲ್ಲೇ ಕೂತು ಕ್ಷಮೆ ಕೇಳಿದರು. ಬಡಗಿಯ ಕಿವಿಗೆ ಆ ಮಾತು ಬೀಳಲಿಲ್ಲ. ಅವರ ತೋಳು ಗಟ್ಟಿಯಾಗಿ ಹಿಡಿದುಕೊಂಡ.

"ಅಯ್ಯಾ, ಅವತ್ತು ಕೊಟ್ಟಂಥದ್ದೇ ಕೊಡಿ. ಪ್ರಾರ್ಥನೆ ಮಾಡಿದ್ದು. ಅಂಗಡೀದು ಎಷ್ಟು ಕುಡಿದರೂ ತೊಳೆಯಲ್ಲ."

"ಅದು ಬೇಡ ಅಣ್ಣಾ. ನಿಮಗೆ ರೊಟ್ಟಿ ತರ್ತೀನಿ."

"ರೊಟ್ಟಿ ಎಷ್ಟು ವರ್ಷ ತಿಂದೆ ಅಯ್ಯಾ! ಅವತ್ತು ಗುಡಿ ಬಾಗಿಲಿಂದ ತಮ್ಮನ ಮನೆ ಬೀದಿ ತನಕ ನಾನು ಶುದ್ಧವಾಗಿದ್ದೆ. ಅಷ್ಟೇ ಅಷ್ಟು ಕೊಡಿ."

ಅಯ್ಯನವರು ಎದ್ದು ಹೋದರು.

ಮುಂದಿನ ಭೋಜನದ ಭಾನುವಾರ ಅವಳು ಒಬ್ಬಳೇ ಹೋದಳು. ಮೇಜು ಅಣಿಮಾಡಿದಳು. ಓರಗಿತ್ತಿ ಬಂದು ಎಡಗಡೆ ಮೊಣಕಾಲೂರಿದಳು. ಅವಳು ಕುಡಿದ ಪಾತ್ರೆ ಇವಳಿಗೆ ಬಂತು. ನಿನಗಾಗಿ ಸುರಿಸಿದ ರಕ್ತ ಎಂದರು ಅಯ್ಯನವರು, ಧ್ವನಿ ತಗ್ಗಿಸಿ. ಅವಳು ಕುಡಿದಳು. ಸಿಹಿ, ಒಗರು, ಗಂಟಲಲ್ಲಿ ಒಂಚೂರು ಬಿಸಿ. ಏನಾದರೂ ಆಗಬಹುದೇ ಎಂದು ಕಾದಳು. ಅಕ್ಕಪಕ್ಕದವರೆಲ್ಲ ಎದ್ದು ಹೋದರೂ ಕಾದಳು.

ಮನೆಗೆ ಬಂದಾಗ ಬಡಗಿ ಗೋಡೆಗೊರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ಬೆಳಗಿನಿಂದ ಅವನಿಗೆ ಕುಡಿಯಲು ಏನೂ ಸಿಕ್ಕಿರಲಿಲ್ಲ. ಕಾಸಿಲ್ಲ, ಸಾಲ ಕೊಡುವವರಿಲ್ಲ.

"ಕುಡಿದು ಬಂದ್ಯಾ?" ಎಂದ.

"ಹೂಂ."

"ಬಾ ಇಲ್ಲಿ."

ಬಿಸಿನೀರು ಕೇಳುತ್ತಾನೇನೋ ಎಂದು ಅವಳು ಬಗ್ಗಿದಳು. ಅವನು ಅವಳ ಕುತ್ತಿಗೆಯ ಹಿಂದೆ ಕೈಹಾಕಿ ಮುಖವನ್ನು ತನ್ನ ಹತ್ತಿರ ಎಳೆದುಕೊಂಡ. ಕಣ್ಣು ಮುಚ್ಚಿ, ಮೂಗನ್ನು ಅವಳ ತುಟಿಯ ಮುಂದೆ ಹಿಡಿದು, ಆಳವಾಗಿ ಉಸಿರೆಳೆದುಕೊಂಡ. ಹಸಿದ ಮಗುವಿನ ಹಾಗೆ ಮತ್ತೆ ಮತ್ತೆ ಎಳೆದುಕೊಂಡ.

"ಬಾಯಿ ತೆಗಿ," ಎಂದ.

ಅವಳಿಗೆ ಸೊಂಟ ನೋಯುತ್ತಿತ್ತು. ಆದರೂ ಬಗ್ಗಿದ ಹಾಗೇ ನಿಂತು, ಬಾಯಿ ತೆಗೆದು, ಅವನಿಗೆ ಉಸಿರು ಬಿಟ್ಟಳು.