ಡಮ್ಮಿಗೆ ಒಂದೇ ಪ್ರಶ್ನೆ

ಪ್ಯಾಂಟಿನ ಜೇಬಿಗೆ ಹಾಕಿದ ಕೈಯನ್ನು ಅವಳು ಹೊರಗೆ ತೆಗೆಯಲಿಲ್ಲ. ಬೆರಳಿಗೆ ತಣ್ಣಗೆ ಏನೋ ತಗುಲಿತ್ತು.

ಬಟ್ಟೆಯನ್ನು ಮಶೀನಿಗೆ ಹಾಕುವ ಮುಂಚೆ ಜೇಬು ತಡಕುವುದು ಭಾನುವಾರದ ಮೊದಲ ಕೆಲಸ. ಗಂಡನ ಜೇಬಿನಲ್ಲಿ ಏನೇನು ಸಿಗುತ್ತದೆಂಬುದು ಅವಳಿಗೆ ಬಾಯಿಪಾಠ: ಪೆನ್ನಿನ ಮುಚ್ಚಳ, ಹಲ್ಲುಕಡ್ಡಿ, ಮುದ್ದೆಯಾದ ಮಾಸ್ಕು. ಇವತ್ತು ಸಿಕ್ಕಿದ್ದು ಬೀಗದ ಕೈ. ಹೊಚ್ಚ ಹೊಸದು. ಅದರ ಹಲ್ಲುಗಳಿನ್ನೂ ಚರ್ಮಕ್ಕೆ ಚುಚ್ಚುವಷ್ಟು ಚೂಪು.

ಕೆಳಗೆ ಕೂತು ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದ ಮಗಳು ತಲೆಯೆತ್ತಿದಳು.

"ಅಮ್ಮಾ, ಅದು..."

"ಆಮೇಲೆ ಪುಟ್ಟಾ."

"ನಾನಿನ್ನೂ ಕೇಳೇ ಇಲ್ಲ."

"ಕೇಳಿದ್ರೂ ಆಮೇಲೇನೇ."

ಬಚ್ಚಲಿನಿಂದ, ನೀರಿನ ಸದ್ದಿನ ನಡುವೆ, ಗಂಡನ ದನಿ ಬಂತು. "ನಿನ್ನೆ ಆಟದಲ್ಲಿ ನೀನು ಮೂರು ಇಸ್ಪೀಟ್ ಅನ್ನಬೇಕಿತ್ತು ಕಣೇ. ಪಾಸ್ ಅಂದುಬಿಟ್ಟೆ."

"ನನ್ನ ಕೈಯಲ್ಲಿ ಏನೂ ಇರ್ಲಿಲ್ಲ," ಅಂದಳು ಅವಳು, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು.

ಬ್ರಿಜ್ ಎಂಬ ಎಲೆಯಾಟ ಮನೆಯೊಳಗೆ ಬಂದದ್ದು ಅತ್ತಿಗೆಯ ಸಲಹೆಯಿಂದ. "ಒಂದೇ ಮನೇಲಿ ಇಬ್ಬರು ಬಾಡಿಗೆದಾರರ ಥರ ಇದ್ದೀರಲ್ಲೇ. ಸೇರಿಕೊಂಡು ಏನಾದ್ರೂ ಕಲೀರಿ." ಮೊದಲು ಈಜು ಕಲಿತರು. ಈಜುಕೊಳದಲ್ಲಿ ಅವನು ಈ ತುದಿಯಿಂದ ಹೊರಟರೆ ಅವಳು ಆ ತುದಿಯಿಂದ. ನಡುವೆ ಎದುರಾದಾಗ ಇಬ್ಬರ ಮುಖವೂ ನೀರೊಳಗೆ. ಆಮೇಲೆ ಅವಳಿಗೆ ಹಾಸ್ಟೆಲಿನ ದಿನಗಳು ನೆನಪಾದವು. ಆಗ ಅವಳು ಬ್ರಿಜ್‌ನಲ್ಲಿ ಹುಲಿ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ದೊಡ್ಡ ಕ್ಲಾಸಿನವರನ್ನೆಲ್ಲ ಮಣ್ಣು ಮುಕ್ಕಿಸಿದ್ದಳು. ಈಗ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳುತ್ತಾಳೆ. ಮರೆತ ಆಟ ಮತ್ತೆ ಬಂದೀತು, ಆಟದ ಜೊತೆಗೆ ಆಗಿನ ಬಾಯಿಯೂ ಬಂದೀತು ಎಂಬ ಆಸೆ ಒಳಗೊಳಗೆ ಇತ್ತು.

ಕಲಿಸಲು ಮೇಲಿನ ಮಹಡಿಯ ನಿವೃತ್ತ ಜಡ್ಜರು ಒಪ್ಪಿದರು. ನಾಲ್ಕನೆಯ ಕೈಗೆ ಅವರ ಅಕ್ಕ. ಮೊದಲ ದಿನವೇ ಜಡ್ಜರು ತೀರ್ಪು ಓದುವವರಂತೆ ಹೇಳಿದರು: "ಎದುರುಬದುರು ಕೂತವರು ಜೊತೆಗಾರರು. ಕೈಯಲ್ಲಿ ಏನಿದೆ ಅಂತ ಜೊತೆಗಾರರಿಗೆ ಬಾಯಿಬಿಟ್ಟು ಹೇಳೋ ಹಾಗಿಲ್ಲ. ಇಷ್ಟು ಇಸ್ಪೀಟ್, ಇಷ್ಟು ಆಟಿನ್ ಅಂತ ಲೆಕ್ಕದ ಮಾತಲ್ಲಿ ಕೂಗಬೇಕು, ಇಲ್ಲ ಪಾಸ್ ಅನ್ನಬೇಕು. ಹುಬ್ಬು ಹಾರಿಸಿದ್ರೂ ಮೋಸ."

ಗಂಡ ಹೆಂಡತಿ ಈ ನಿಯಮವನ್ನು ಇಷ್ಟು ಬೇಗ ಕರಗತ ಮಾಡಿಕೊಂಡದ್ದು ಕಂಡು ಜಡ್ಜರು ಬೆರಗಾದರು. ಅಭ್ಯಾಸ ಎಲ್ಲಿ ಆಗಿತ್ತೆಂದು ಅವರು ಕೇಳಲಿಲ್ಲ.

ಗಂಡ ಅರಿವಳಿಕೆಯ ಡಾಕ್ಟರು. ಆಸ್ಪತ್ರೆಯಲ್ಲಿ ರೋಗಿಗೆ "ಹತ್ತರಿಂದ ಕೆಳಗೆ ಎಣಿಸಿ" ಅನ್ನುತ್ತಾನೆ. ಏಳು ಮುಟ್ಟುವಷ್ಟರಲ್ಲಿ ರೋಗಿಗೆ ನಿದ್ದೆ. ಮನೆಯಲ್ಲಿ ಎಣಿಕೆಯ ಅಗತ್ಯವೂ ಇರಲಿಲ್ಲ. ಅವನು ಬಂದು ಸೋಫಾದ ಮೇಲೆ ಕೂತರೆ ಸಾಕು, ಮಾತೆಲ್ಲ ನಿದ್ದೆಹೋಗುತ್ತಿತ್ತು.

ಆ ಭಾನುವಾರ ಸ್ನಾನ ಮುಗಿಸಿ ಅವನು ವಾಕಿಂಗಿಗೆ ಹೋದದ್ದೇ ತಡ, ಅವಳು ಕೀಲಿ ಹಿಡಿದು ಮನೆಯೆಲ್ಲ ಸುತ್ತಿದಳು. ಮುಂಬಾಗಿಲು, ಹಿಂಬಾಗಿಲು, ಬೀರು, ಸೂಟ್‌ಕೇಸು, ಟಪಾಲಿನ ಪೆಟ್ಟಿಗೆ. ಬಾಲದಂತೆ ಹಿಂದೆಯೇ ಮಗಳು. ಕೊನೆಗೆ ಮಗಳ ಆಟದ ಪೆಟ್ಟಿಗೆಯ ಮುಂದೆಯೂ ಮೊಣಕಾಲೂರಿದಳು. ಅದಕ್ಕೆ ಬೀಗವೇ ಇರಲಿಲ್ಲ.

"ಅಮ್ಮಾ, ಒಂದೇ ಒಂದು ಕೇಳ್ಲಾ?"

"ಆಮೇಲೆ ಅಂದ್ನಲ್ಲ, ಚಿನ್ನಾ."

ಸಾರಿಗೆ ತರಕಾರಿ ಹೆಚ್ಚುತ್ತ ಅವಳು ಸಂಭವಗಳನ್ನು ವಿಂಗಡಿಸಿದಳು. ಆಸ್ಪತ್ರೆಯ ಕಪಾಟು? ಅದರ ಕೀಲಿಗೆ ನೀಲಿ ಬಿಲ್ಲೆ ಇದೆ. ಸ್ನೇಹಿತರ ಮನೆ? ಅವನಿಗೆ ಸ್ನೇಹಿತರಿಲ್ಲ. ಹೆಂಗಸು? ಚಾಕು ನಿಲ್ಲಿಸಿ ಆ ಹೆಂಗಸನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದಳು. ಪಾಪ, ಅವಳೂ ಅವನ ಎದುರು ಕೂತು ಪಾಸ್ ಅನ್ನುತ್ತಿದ್ದಳು. ನಗು ಬಂತು. ಉಳಿದದ್ದು ಒಂದೇ: ಎಲ್ಲೋ ಒಂದು ಖಾಲಿ ಕೋಣೆ. ಕಿಟಕಿ, ಕಿಟಕಿಯ ಪಕ್ಕ ಕುರ್ಚಿ, ಯಾರೂ ಏನೂ ಕೇಳದ ಸಂಜೆ. ಅವಳ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ಹೆಂಗಸಿದ್ದರೇ ವಾಸಿಯಿತ್ತು, ಕುರ್ಚಿಯ ಜೊತೆ ಜಗಳ ಆಡುವುದು ಹೇಗೆ?

ಕೇಳಿಬಿಡಬಹುದು. ಆದರೆ ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಈ ಮನೆಯಲ್ಲಿ ಉಳಿಯುವವರು ಯಾರು, ಹೋಗುವವರು ಯಾರು, ಮಗಳು ಯಾರ ಜೊತೆ ಎಂಬುದೆಲ್ಲ ಇತ್ಯರ್ಥವಾಗಬೇಕು. ಕೇಳದಿದ್ದರೆ ಸಾರು ಕುದಿಯುತ್ತದೆ, ಬಟ್ಟೆ ಒಣಗುತ್ತದೆ.

ಕೀಲಿಯನ್ನು ಅವಳು ಇಸ್ಪೀಟಿನ ಡ್ರಾಯರಿನಲ್ಲಿ, ಎಲೆಗಳ ಕಟ್ಟಿನ ಕೆಳಗೆ ಬಚ್ಚಿಟ್ಟಳು. ಗಂಡ ಆ ಡ್ರಾಯರಿಗೆ ಎಂದೂ ಕೈ ಹಾಕಿದವನಲ್ಲ. ಎಲೆ ತಂದುಕೊಡುವುದು ಮಗಳ ಕೆಲಸ. ಅಷ್ಟು ಯೋಚಿಸಿದ ಜಾಣೆ ಇನ್ನೊಂದು ಹೆಜ್ಜೆ ಮುಂದಕ್ಕೆ ಯಾಕೆ ಯೋಚಿಸಲಿಲ್ಲವೋ.

ಮಧ್ಯಾಹ್ನ ಗಂಡ ಮನೆಯನ್ನೆಲ್ಲ ಮಗುಚಿ ಹಾಕತೊಡಗಿದ.

"ಏನು ಹುಡುಕ್ತಿದ್ದೀರಿ?"

"ಏನಿಲ್ಲ. ಕನ್ನಡಕ."

"ಮೂಗಿನ ಮೇಲಿದೆ."

"ಹೌದಲ್ಲ," ಅಂದ. ಆಮೇಲೂ ಸೋಫಾದ ದಿಂಬು ಎತ್ತಿ ನೋಡಿದ. "ನನ್ನ ಕಂದು ಪ್ಯಾಂಟು..."

"ಒಣಗ್ತಿದೆ."

"ಜೇಬು ನೋಡಿದ್ಯಾ?"

"ಯಾಕೆ, ಏನಿತ್ತು?"

ಅವನು ದಿಂಬಿನ ಮೂಲೆಯನ್ನು ಸರಿಮಾಡಿದ. "ಏನಿಲ್ಲ. ಪೆನ್ನಿನ ಮುಚ್ಚಳ."

"ಸಿಕ್ತು," ಅಂದಳು.

ಅವಳು ಹಾಸ್ಟೆಲಿನ ಮಂಚದ ಮೇಲೆ ಕೂತಿದ್ದಿದ್ದರೆ ಈ ಆಟಕ್ಕೆ ಚಪ್ಪಾಳೆ ತಟ್ಟುತ್ತಿದ್ದಳು. ಇಬ್ಬರಿಗೂ ಎಲ್ಲ ಗೊತ್ತಾಯಿತು; ಯಾರೂ ಹುಬ್ಬು ಹಾರಿಸಲಿಲ್ಲ.

ಸಂಜೆ ಜಡ್ಜರು ತಮ್ಮ ಕುರ್ಚಿಯ ಮೆತ್ತೆಯನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬರೇ ಇಳಿದು ಬಂದರು. "ಅಕ್ಕನಿಗೆ ಹಲ್ಲುನೋವು. ಇರೋದು ಒಂದೇ ಹಲ್ಲು, ಅದೇ ನೋಯ್ತಿದೆ."

"ಹಾಗಾದ್ರೆ ಇವತ್ತು ಬೇಡ ಬಿಡಿ," ಅಂದ ಗಂಡ, ಜೇಬು ಸವರಿಕೊಳ್ಳುತ್ತ.

"ಯಾಕೆ ಬೇಡ? ಈ ಹುಡುಗಿ ಕೂತ್ಕೊಳ್ಳಲಿ. ಪಕ್ಕದಲ್ಲಿ ಕೂತು ಎಲ್ಲ ನೋಡಿದ್ದಾಳೆ. ಹೋಗಮ್ಮ, ಎಲೆ ತಗೊಂಡು ಬಾ."

ಮಗಳು ಎಲೆ ತರಲು ಹೋದಳು. ಬರುವುದು ಸ್ವಲ್ಪ ತಡವಾಯಿತು.

ಜೊತೆ ಯಾರೆಂದು ಎಲೆ ಎಳೆದು ನೋಡಿದರು. ಅಪ್ಪನಿಗೆ ಮಗಳು ಬಂದಳು, ಅಮ್ಮನಿಗೆ ಜಡ್ಜರು. ಇಷ್ಟು ದಿನ ಎದುರಿಗೆ ಕೂರುತ್ತಿದ್ದ ಗಂಡ ಈಗ ಪಕ್ಕಕ್ಕೆ ಬಂದ. ಪಕ್ಕದಿಂದ ಅವನ ಕಿವಿ ಬೇರೆ ಯಾರದೋ ಅನ್ನುವಂತೆ ಕಂಡಿತು.

ನಾಲ್ಕು ಇಸ್ಪೀಟ್ ಎಂದು ಅವನು ಕೂಗು ಗೆದ್ದ. ಅವಳು ಮೊದಲ ಎಲೆ ಇಟ್ಟಳು. ಜಡ್ಜರು ಹುಡುಗಿಯತ್ತ ತಿರುಗಿದರು.

"ಕೂಗು ಗೆದ್ದವರ ಜೊತೆಗಾರ್ತಿ ನೀನು. ಅಂದ್ರೆ ನೀನೀಗ ಡಮ್ಮಿ. ನಿನ್ನ ಎಲೆ ಎಲ್ಲ ಮೇಜಿನ ಮೇಲೆ ಬಿಚ್ಚಿಡು. ಅದನ್ನೂ ಅಪ್ಪನೇ ಆಡ್ತಾರೆ. ನೀನು ಸುಮ್ನಿರಬೇಕು."

"ಪೂರ್ತಿ ಸುಮ್ನೇನಾ?"

"ಪೂರ್ತಿ. ಆದ್ರೆ ಒಂದು ಹಕ್ಕಿದೆ. ಮೇಜಿಗೆ ಬಿದ್ದ ಜಾತಿ ಬಿಟ್ಟು ಅಪ್ಪ ಬೇರೆ ಜಾತಿ ಎಲೆ ಹಾಕಿದ್ರೆ, ಆಗ ನೀನು ಅವರನ್ನ ಒಂದು ಪ್ರಶ್ನೆ ಕೇಳಬಹುದು. ಯಾರೂ ತಡೆಯೋ ಹಾಗಿಲ್ಲ."

"ಆಮೇಲೆ ಅನ್ನೋ ಹಾಗೂ ಇಲ್ವಾ?"

"ಇಲ್ಲವೇ ಇಲ್ಲ," ಅಂದರು ಜಡ್ಜರು. "ಕಾನೂನು."

ಮಗಳು ಎಲೆಗಳನ್ನು ಸಾಲುಸಾಲಾಗಿ ಜೋಡಿಸಿದಳು: ಇಸ್ಪೀಟ್, ಆಟಿನ್, ಡೈಮಂಡ್. ಕಳಾವರ್ ಒಂದೂ ಬಂದಿರಲಿಲ್ಲ. ಆ ಸಾಲಿನ ಜಾಗವನ್ನು ಖಾಲಿ ಬಿಟ್ಟು, ಕೈಕಟ್ಟಿ ಕೂತಳು.

ಆಟ ಸಾಗಿತು. ಅಮ್ಮ ಲೆಕ್ಕ ಇಡುತ್ತಿದ್ದಳು; ಹಳೆಯ ಚಟ ಬೆರಳಿಗೆ ಮರಳಿತ್ತು. ಗಂಡನ ಮುಷ್ಟಿಯಲ್ಲಿ ಉಳಿದ ಒಂದೊಂದು ಎಲೆಯೂ ಅವಳಿಗೆ ಕಾಣುತ್ತಿತ್ತು. ಬೆನ್ನು ತಿರುಗಿಸಿ ಮಲಗುವ ಮನುಷ್ಯನ ಬಗ್ಗೆ ಇಷ್ಟು ಖಚಿತವಾಗಿ ಅವಳಿಗೆ ಏನೂ ಗೊತ್ತಿರಲಿಲ್ಲ. ಅವಳು ಡೈಮಂಡ್ ಇಟ್ಟಳು. ಜಡ್ಜರಲ್ಲಿ ಆ ಜಾತಿ ಆಗಲೇ ಮುಗಿದಿತ್ತು. ಗಂಡನಲ್ಲಿ ಇನ್ನೊಂದಿದೆ, ಇರಲೇಬೇಕು. ಅವನು ಒಂದು ಕೈಯಿಂದ ಅಂಗಿಯ ಜೇಬು ತಡಕುತ್ತ, ಇನ್ನೊಂದರಿಂದ ಸಣ್ಣ ಇಸ್ಪೀಟ್ ಎಸೆದ.

ಆ ಜಾತಿ ಮುಗಿಯಿತೇ ಎಂದು ಎದುರಾಳಿಯಾಗಿ ಅವಳೂ ಕೇಳಬಹುದಿತ್ತು. ಕೈಯಲ್ಲಿದ್ದ ಎಲೆಗಳನ್ನು ಎಣಿಸಿದಳು.

ಜಡ್ಜರು ಕೆಮ್ಮಿದರು. "ಈಗ ಡಮ್ಮಿ ಕೇಳಬಹುದು."

ಮಗಳು ಬೆನ್ನು ನೆಟ್ಟಗೆ ಮಾಡಿದಳು. ಫ್ರಾಕಿನ ಜೇಬಿಗೆ ಕೈ ಹಾಕಿ ತೆಗೆದು, ಕಳಾವರ್‌ನ ಖಾಲಿ ಜಾಗದಲ್ಲಿ, ಉಳಿದ ಸಾಲುಗಳಿಗೆ ಸರಿಯಾಗಿ, ಕೀಲಿಯನ್ನು ಇಟ್ಟಳು. ಹಲ್ಲುಗಳು ಅಪ್ಪನ ಕಡೆಗೆ.

ಎಲೆ ಎತ್ತಿಕೊಳ್ಳಲು ಚಾಚಿದ ಅವನ ಕೈ ಮೇಜಿನ ಮೇಲೆ ಗಾಳಿಯಲ್ಲೇ ನಿಂತಿತು. ತನ್ನ ಎಲೆಗಳೂ ಯಾವಾಗಲೋ ಬಾಗಿ ಎಲ್ಲರಿಗೂ ಮುಖ ತೋರಿಸುತ್ತಿವೆಯೆಂದು ಅಮ್ಮನಿಗೆ ಗೊತ್ತಾಯಿತು. ಯಾರೂ ನೋಡುತ್ತಿರಲಿಲ್ಲ.

"ಅಪ್ಪಾ," ಅಂದಳು ಮಗಳು, "ಇದು ಯಾರ ಮನೇದು?"