ಮಲ್ಲಿಗೆ ಬುಡದ ದರ್ಭೆ

ಭದ್ರಾವತಿಯ ನ್ಯೂ ಟೌನಿನಲ್ಲಿ ಉಮಾಮಹೇಶ್ವರ ಮೇಷ್ಟ್ರ ಹಿತ್ತಲಿಗೆ ಕಾಲಿಟ್ಟರೆ ಮೈಗೆ ಗೀರು ಗ್ಯಾರಂಟಿ. ಸಂಸ್ಕೃತ ಕಲಿಸಿ ನಿವೃತ್ತರಾದ ಮೇಲೆ, ತರ್ಪಣಕ್ಕೆ ಅಂಗಡಿ ದರ್ಭೆ ಯಾಕೆಂದು ಹೊಳೆದಂಡೆಯಿಂದ ಎರಡು ಬುಡ ತಂದು ನೆಟ್ಟಿದ್ದರು. ಎರಡೇ ವರ್ಷದಲ್ಲಿ ಅದು ಬದನೆ ಮಡಿ ನುಂಗಿ, ಹೆಂಡತಿ ಸೀತಾಲಕ್ಷ್ಮಮ್ಮನವರ ಮಲ್ಲಿಗೆಯ ಬುಡಕ್ಕೆ ಬಂದಿತ್ತು. ಆಕೆಯ ತೀರಿಹೋದ ತಾಯಿ ಹೊಳೆಹೊನ್ನೂರಿನಲ್ಲಿ ಬೆಳೆಸಿದ್ದ ಗಿಡದ ಕಡ್ಡಿಯಿಂದ ಬಂದ ಮಲ್ಲಿಗೆ ಅದು. ಈ ಬೇಸಿಗೆಯಲ್ಲಿ ಬಿಟ್ಟಿದ್ದು ಬರೀ ಹನ್ನೊಂದು ಮೊಗ್ಗು.

“ಕಿತ್ತು ಹಾಕ್ರೀ ಅಂದ್ರೆ ಯಾವಾಗ್ಲೂ ಒಂದು ಶಾಸ್ತ್ರ ತೆಗೀತೀರಿ,” ಎಂದರು ಆಕೆ.

“ದರ್ಭೆನ ಕಂಡಕಂಡ ದಿನ ಕೀಳೋ ಹಾಗಿಲ್ಲ ಕಣೇ. ಶ್ರಾವಣದ ಅಮಾವಾಸ್ಯೆ ಬರ್ಲಿ.”

ಮೇಷ್ಟ್ರಿಗೆ ಶಾಸ್ತ್ರದ ಮೇಲೆ ಎಷ್ಟು ಭಕ್ತಿಯೋ ಸೊಂಟನೋವಿಗೆ ಅಷ್ಟೇ ಭಯ. ಆದರೆ ಅಮಾವಾಸ್ಯೆ ಬಂದೇ ಬಂತು. ಆಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದರು.

ಮಂತ್ರ ಹೇಳಿ ಎಳೆದರೆ ಗರಿ ಕೈಗೆ ಬಂತು, ಬೇರು ಅಲ್ಲಾಡಲಿಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಪಕ್ಕದ ಮನೆಯ ಈಶ್ವರಪ್ಪ ಕಾಂಪೌಂಡ್ ಮೇಲಿಂದ ನೋಡಿ, ನಕ್ಕು, ಹಾರೆ ಹಿಡಿದು ಬಂದರು.

“ಇದು ಮಂತ್ರಕ್ಕೆ ಬಗ್ಗೋ ಆಸಾಮಿ ಅಲ್ಲ ಮೇಷ್ಟ್ರೇ, ಆಚೆ ಸರೀರಿ.”

ಮೊಣಕಾಲುದ್ದ ಅಗೆದರೂ ಬೇರು ಇನ್ನೂ ಕೆಳಗೆ ಹೋಗುತ್ತಲೇ ಇತ್ತು. ಸಂಜೆ ಹೊತ್ತಿಗೆ ಬೇರಿನ ಒಂದು ಗುಡ್ಡೆ ಬಿದ್ದಿತ್ತು.

“ಕಸದ ಗಾಡಿಗೆ ಹಾಕ್ಬಿಡಿ,” ಎಂದರು ಈಶ್ವರಪ್ಪ.

“ಶಿವ ಶಿವಾ! ದರ್ಭೆನ ಕಸಕ್ಕೆ ಹಾಕ್ತಾರೇನ್ರೀ?”

ದೇವರಿಗೇರಿಸಿದ ಹೂ ಬಾಡಿದರೆ ಯಾರೂ ತುಳಿಯದಂತೆ ಹೂಗಿಡದ ಬುಡಕ್ಕೆ ಹಾಕುವುದು ಆ ಮನೆಯ ರೂಢಿ. ಮೇಷ್ಟ್ರು ಹಾಗೇ ಮಾಡಿದರು. ಹಿತ್ತಲಲ್ಲಿ ಉಳಿದಿದ್ದ ಹೂಗಿಡ ಒಂದೇ. ಬೇರನ್ನೆಲ್ಲ ಮಲ್ಲಿಗೆಯ ಬುಡಕ್ಕೆ ಒಪ್ಪವಾಗಿ ಜೋಡಿಸಿ, ಮೇಲೆ ಮಣ್ಣೆಳೆದು, ಕೈಮುಗಿದು, ಲಂಕೆ ಗೆದ್ದವರಂತೆ ಸ್ನಾನಕ್ಕೆ ಹೋದರು.

ಎರಡು ವಾರ ಸೋನೆ ಹಿಡಿಯಿತು. ಬಿಸಿಲು ಬಂದ ಬೆಳಿಗ್ಗೆ ನೋಡಿದರೆ ಮಲ್ಲಿಗೆಯ ಸುತ್ತ ಚೂಪುಚೂಪಾದ ಹೊಸ ಮೊಳಕೆ.

ಸೀತಾಲಕ್ಷ್ಮಮ್ಮ ಬೈಯಲಿಲ್ಲ. ಮೇಷ್ಟ್ರಿಗೆ ಹೆದರಿಕೆಯಾಗಿದ್ದು ಅದಕ್ಕೇ. ಆಕೆ ಸೆರಗು ಸಿಕ್ಕಿಸಿ ಕೂತು ಬರಿಗೈಯಲ್ಲಿ ಮಣ್ಣು ಕೆದಕತೊಡಗಿದರು. ಮೇಷ್ಟ್ರೂ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಇಲ್ಲಿ ಹಾರೆ ಹಾಕಿದರೆ ಮಲ್ಲಿಗೆಯೇ ಹೋದೀತು. ಒಂದೊಂದೇ ಎಳೆ ಬಿಡಿಸುವಾಗ ಮೇಷ್ಟ್ರ ಕಣ್ಣಿಗೆ ಬಿತ್ತು: ದರ್ಭೆಯ ಬೇರು ಮಲ್ಲಿಗೆಯ ಬೇರನ್ನು ಚುಚ್ಚಿಕೊಂಡೇ ಆಚೆ ಹೋಗಿತ್ತು. ಇಷ್ಟು ದಿನ ಈಕೆ ಕಿತ್ತು ಹಾಕಿ ಅನ್ನುತ್ತಿದ್ದದ್ದು ಇದಕ್ಕೇ. ಅವರಿಗೆ ನಾಚಿಕೆಯಾಯಿತು.

“ಈ ಬೇರು ಎಲ್ಲಿಗೆ?” ಎಂದರು ಆಕೆ.

“ಬಚ್ಚಲ ಒಲೆಗೆ. ಅಗ್ನಿಗೆ ಕೊಟ್ರೆ ದೋಷ ಇಲ್ಲ.” ಆಮೇಲೆ ಮಣ್ಣು ನೋಡುತ್ತಲೇ ಅಂದರು, “ತಪ್ಪಾಯ್ತು ಕಣೇ.”

ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ಈ ಮಾತು ಮೊದಲ ಸಲ ಬಂದಿತ್ತು. ಸೀತಾಲಕ್ಷ್ಮಮ್ಮನವರ ಕಣ್ಣು ತುಂಬಿತು. ಆದರೂ ಸುಮ್ಮನೆ ಬಿಡುವ ಹೆಂಗಸಲ್ಲ.

“ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ರೀ,” ಎಂದರು. “ಈಶ್ವರಪ್ಪನೋರಿಗೂ ಕೇಳಿಸ್ಲಿ.”

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದರು.